ಸದ್ದು ನಿಂತರೆ ಸಾಕೆ?

ನಮ್ಮ ದೇಶದ ಕರಾರು ಕಾಯ್ದೆ 1872ರಷ್ಟು ಹಳೆಯದು. ಅದರ 17ನೆಯ ಕಲಮಿನಲ್ಲಿ ಒಂದು ಕುದುರೆ ಇದೆ. ಕಾನೂನಿನ ಪುಸ್ತಕದಲ್ಲಿ ಕುದುರೆಗೇನು ಕೆಲಸ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಲಿಂಗಸುಗೂರಿನಲ್ಲಿ ವಕೀಲಿಕೆ ಮಾಡುವ ನನ್ನ ತಂಗಿಯ ಮಗ ಒಂದು ಭಾನುವಾರ ಊಟಕ್ಕೆ ಬಂದಾಗ ಅದನ್ನು ನನಗೆ ಬಿಡಿಸಿ ಹೇಳಿದ.

ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಕುದುರೆಗೆ ಏನೋ ಐಬು ಇದೆ, ಅದು ಅವನಿಗೆ ಗೊತ್ತು. ಕೊಳ್ಳುವವನಿಗೆ ಹೇಳುವುದಿಲ್ಲ. ಇದು ಮೋಸವಲ್ಲ ಎನ್ನುತ್ತದೆ ಕಾನೂನು. ಸುಮ್ಮನಿದ್ದದ್ದು ಅಷ್ಟಕ್ಕೇ ವಂಚನೆಯಾಗುವುದಿಲ್ಲ. ಆದರೆ ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಆಗತಾನೆ ವಯಸ್ಸಿಗೆ ಬಂದವಳಾಗಿದ್ದರೆ? ಆಗ ಹೇಳುವುದು ಅವನ ಕರ್ತವ್ಯ. ಇನ್ನೂ ಒಂದು ಸಂದರ್ಭವಿದೆ. ಕೊಳ್ಳುವವನು, 'ನೀವು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ' ಎನ್ನುತ್ತಾನೆ. ಮಾರುವವನು ಮಾತಾಡುವುದಿಲ್ಲ. ಇಲ್ಲಿ ಅವನ ಮೌನವೇ ಮಾತು. ಸುಳ್ಳಾಡಿದಷ್ಟೇ ಲೆಕ್ಕ.

ನಮ್ಮ ಮನೆಯ ಕುದುರೆ ಒಂದು ಕಾರು. ಮಗ ಬೆಂಗಳೂರಿನಲ್ಲಿ ಒಂಬತ್ತು ವರ್ಷ ಓಡಿಸಿ, ತಾನು ಹೊಸದು ತೆಗೆದುಕೊಂಡ ಮೇಲೆ ನಮಗೆ ತಂದು ಬಿಟ್ಟದ್ದು. ನೋಡಲು ಜೀಪಿನ ಹಾಗೆ ಎತ್ತರವಾಗಿ ಎದೆಯುಬ್ಬಿಸಿ ನಿಂತಿರುತ್ತದೆ. ಇಂಥವನ್ನು ಕ್ರಾಸೋವರ್ ಎನ್ನುತ್ತಾರಂತೆ. ಜೀಪು, ಲಾರಿಗಳಿಗೆ ಕೆಳಗೆ ಬೇರೆಯೇ ಚಾಸಿಸ್ ಇರುತ್ತದೆ, ಅದರ ಮೇಲೆ ಮೈ ಕೂರಿಸಿರುತ್ತಾರೆ. ಇದಕ್ಕೆ ಅದಿಲ್ಲ. ಮೇಲೆ ಜೀಪಿನ ವೇಷ, ಒಳಗೆ ಸಾಧಾರಣ ಕಾರು. ವೇಷ ನಂಬಿದ ಜನ ಗುಂಡಿ ಬಂದರೂ ನಿಧಾನಿಸದೆ ಹೊಡೆಯುತ್ತಾರೆ. ನಮ್ಮ ಮನೆಯವರೂ ಅದಕ್ಕೆ ಹೊರತಲ್ಲ.

ನಮ್ಮ ಕಡೆಯ ರಸ್ತೆಗಳ ವಿಚಾರ ನಿಮಗೆ ಗೊತ್ತೇ ಇದೆ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ಮೇಲೆ ಎಷ್ಟು ಡಾಂಬರು ಹಾಕಿದರೂ ಕೆಳಗಿನ ಮಣ್ಣು ಸುಮ್ಮನಿರುವುದಿಲ್ಲ. ರಸ್ತೆ ಅಲೆಅಲೆಯಾಗುತ್ತದೆ. ಅದರ ಮೇಲೆ ಸಿಂಧನೂರಿನ ಕಡೆಯಿಂದ ಭತ್ತ ಹೇರಿಕೊಂಡ ಲಾರಿಗಳು. ಈ ಮಣ್ಣಿಗಾಗಿ ಬಹಮನಿಗಳೂ ವಿಜಯನಗರದವರೂ ಕಾದಾಡಿದರು, 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಬಳಿ ಆದಿಲಶಾಹಿಯನ್ನು ಸೋಲಿಸಿದ ಎಂದು ಪಾಠ ಮಾಡುವಾಗೆಲ್ಲ, ಅವರು ಆನೆ ಕುದುರೆಗಳ ಮೇಲೆ ಬಂದದ್ದೇ ಒಳ್ಳೆಯದಾಯಿತು ಎಂದುಕೊಳ್ಳುತ್ತೇನೆ.

ಹೋದ ವರ್ಷ ಕಾರಿನ ಮುಂಭಾಗದಿಂದ ಸದ್ದು ಶುರುವಾಯಿತು. ಟಕ್ ಟಕ್ ಟಕ್. ದೊಡ್ಡ ಹಂಪಿನ ಮೇಲೆ ಇಲ್ಲ, ಓಣಿಯ ಸಣ್ಣ ಕಲ್ಲು, ಸಣ್ಣ ತಗ್ಗಿನ ಮೇಲೆ ನಿಧಾನವಾಗಿ ಹೋಗುವಾಗ ಮಾತ್ರ. ಶಾಕಪ್ ಹೋಗಿದೆ ಎಂದು ನಮ್ಮ ಮನೆಯವರು ತೀರ್ಪು ಕೊಟ್ಟರು. ಗಂಡಸರಿಗೆ ಗಾಡಿಯ ಸದ್ದೆಲ್ಲ ಶಾಕಪ್ಪೇ. ಲಿಂಗಸುಗೂರಿನ ಮಿಸ್ತ್ರಿಯ ಬಳಿ ಹೋದೆವು. ನಾನು ಬೇರೆ ಕೆಲಸಕ್ಕೆ ಹೋದವಳು ಅಲ್ಲಿಯೇ ಕುರ್ಚಿ ಹಾಕಿಸಿಕೊಂಡು ಕೂತೆ. ಪರೀಕ್ಷೆ ಮಾಡುವವರನ್ನು ನೋಡುವುದು ನನಗೆ ಇಷ್ಟ.

ಅವನು ಮೊದಲು ಬಾನೆಟ್ಟಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಗಾಡಿ ಒಮ್ಮೆ ಮೇಲೆದ್ದು ನಿಂತಿತು. 'ಶಾಕಪ್ ಛಲೋ ಅದಾವ್ರಿ ಅಕ್ಕೋರ' ಎಂದ. ಶಾಕಪ್ ಕೆಟ್ಟಿದ್ದರೆ ಎರಡು ಮೂರು ಸಲ ತೂಗಾಡುತ್ತಿತ್ತಂತೆ. ಪೆಟ್ಟು ತಿನ್ನುವುದು ಸ್ಪ್ರಿಂಗು. ಆದರೆ ಅದು ತಿಂದ ಪೆಟ್ಟನ್ನು ಬಿಡದೆ ಕುಣಿಯುತ್ತಲೇ ಇರುತ್ತದೆ. ಶಾಕಪ್ಪಿನೊಳಗಿನ ಎಣ್ಣೆ ಸಣ್ಣ ಸಣ್ಣ ರಂಧ್ರಗಳಲ್ಲಿ ನುಸುಳಿ, ಆ ಕುಣಿತವನ್ನೆಲ್ಲ ಬಿಸಿಯಾಗಿಸಿ ಗಾಳಿಗೆ ಬಿಡುತ್ತದೆ. ಹೊಡೆತ ತಡೆಯುವುದು ಒಬ್ಬರು, ಹೆಸರು ಇನ್ನೊಬ್ಬರದು. ಮನೆಗಳಲ್ಲೂ ಹೀಗೇ ನಡೆಯುವುದುಂಟು, ಇರಲಿ.

ಆಮೇಲೆ ಗಾಡಿಯನ್ನು ಮೇಲೆತ್ತಿ ಕೆಳಗೆ ಹೋದ. ಬೆರಳು ಗಾತ್ರದ ಒಂದು ಕಬ್ಬಿಣದ ಕಡ್ಡಿಯನ್ನು ಹಿಡಿದು ಅಲ್ಲಾಡಿಸಿದ, ಟಕ್ ಟಕ್ ಎಂದಿತು. ಅದು ಲಿಂಕ್ ರಾಡ್. ಎತ್ತರದ ಗಾಡಿ ತಿರುವಿನಲ್ಲಿ ಒಂದು ಕಡೆಗೆ ವಾಲದಂತೆ ಎರಡೂ ಗಾಲಿಗಳನ್ನು ಒಂದು ಅಡ್ಡ ಸರಳಿಗೆ ಕಟ್ಟಿರುತ್ತಾರೆ. ಆ ಕಟ್ಟು ಇದು. ಕಳ್ಳ ಸಿಕ್ಕಿದ, ಇನ್ನು ಮನೆಗೆ ಹೋಗೋಣ ಎಂದುಕೊಂಡೆವು. ಆದರೆ ಮಿಸ್ತ್ರಿ ಹೊರಗೆ ಬರಲಿಲ್ಲ. ಟೈರಿನ ಒಳ ಅಂಚಿನ ಮೇಲೆ ಕೈಯಾಡಿಸಿ ನೋಡಿದ. ಹೊರಗಿನ ಅಂಚಿಗಿಂತ ಒಳ ಅಂಚು ಹೆಚ್ಚು ಸವೆದಿತ್ತು. 'ಬ್ರೇಕ್ ಹೊಡದ್ರ ಗಾಡಿ ಎಡಕ್ಕ ಜಗ್ಗತೈತೇನ್ರಿ?' ಎಂದು ಕೇಳಿದ. ಜಗ್ಗುತ್ತಿತ್ತು. ರಸ್ತೆಯ ಇಳಿಜಾರು ಎಂದುಕೊಂಡಿದ್ದರು ನಮ್ಮವರು. ಉದ್ದದ ಸರಳನ್ನು ಗಾಲಿಯ ಕೆಳಗಿನ ತೋಳಿಗೆ ಕೊಟ್ಟು ಮೀಟಿದ. ಆ ತೋಳಿಗೆ ಲೋಯರ್ ಆರ್ಮ್ ಎಂದು ಹೆಸರು. ಅದು ಗಾಡಿಯ ಮೈಗೆ ಸೇರುವ ಕಡೆ ರಬ್ಬರಿನ ಬುಷ್ ಇರುತ್ತದೆ. ಸರಳು ಮೀಟಿದಾಗ ರಬ್ಬರು ತನ್ನ ಕಬ್ಬಿಣದ ಬಳೆಯಿಂದ ಕಿತ್ತು ಬಾಯಿ ತೆರೆಯಿತು. ಒಂದು ಸದ್ದೂ ಇಲ್ಲ. ಆ ತೋಳಿನ ತುದಿಯ ಬಾಲ್ ಜಾಯಿಂಟ್ ಕೂಡ ಸಡಿಲಾಗಿತ್ತು.

'ಸದ್ದು ಮಾಡೋದು ಲಿಂಕ್ ರಾಡ್ರೀ. ಅದು ಹೋದ್ರ ಗಾಡಿ ಒಂಚೂರು ವಾಲತೈತಿ, ಅಷ್ಟ. ಇದು ಸದ್ದು ಮಾಡಂಗಿಲ್ಲ. ಆದ್ರ ಬಾಲ್ ಜಾಯಿಂಟ್ ಪೂರಾ ಬಿಟ್ರ ಗಾಲಿ ಮಡಚಿ ಬೀಳತೈತಿ' ಎಂದ. ತರಗತಿಯಲ್ಲೂ ನಾನು ಇದನ್ನು ಕಂಡಿದ್ದೇನೆ. ಗದ್ದಲ ಮಾಡುವ ಹುಡುಗನಿಗೆ ಏನು ಬೇಕೆಂದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗಿಯನ್ನು ಹತ್ತಿರ ಹೋಗಿ ಮಾತಾಡಿಸದ ಹೊರತು ತಿಳಿಯುವುದಿಲ್ಲ.

ಎರಡೂ ಕಡೆಯ ಲಿಂಕ್ ರಾಡ್ ಹಾಕಿದರೆ ಸುಮಾರು 2,000 ರೂಪಾಯಿ. ಬಾಲ್ ಜಾಯಿಂಟ್ ಸಹಿತ ಎರಡೂ ತೋಳು ಹಾಕಿ ಗಾಲಿಯ ಅಲೈನ್‌ಮೆಂಟ್ ಮಾಡಿಸಿದರೆ ಮತ್ತೆ 14,000. ಗಾಡಿಯನ್ನು ಮಾರುವ ಮಾತು ಆಗಲೇ ನಡೆದಿತ್ತು. ಕೊಳ್ಳಬೇಕೆಂದಿದ್ದವನು ಮಸ್ಕಿಯ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ಇನ್ನೊಂದು ವಾರದಲ್ಲಿ ನೋಡಲು ಬರುವವನಿದ್ದ.

ದಾರಿಯಲ್ಲಿ ನಮ್ಮ ಮನೆಯವರು ಹೇಳಿದರು, 'ಲಿಂಕ್ ರಾಡ್ ಅಷ್ಟ ಹಾಕ್ಸೂಣು. ಸದ್ದು ನಿಂತ್ರ ಸಾಕು. ಅವ ಕೇಳಿದ್ರ ಉಳಿದದ್ದು ಹೇಳೂಣು. ಕೇಳಲಿಲ್ಲಂದ್ರ ನಾವ್ಯಾಕ ಬಾಯಿ ಬಿಡಬೇಕು?'

ಅವರನ್ನು ಕೆಟ್ಟವರೆಂದು ತಿಳಿಯಬೇಡಿ. ಅಂಗಡಿಯವನು ಹೆಚ್ಚಿಗೆ ಕೊಟ್ಟ ಹತ್ತು ರೂಪಾಯಿಯನ್ನು ಬಿಸಿಲಲ್ಲಿ ತಿರುಗಿ ಹೋಗಿ ಕೊಟ್ಟು ಬಂದವರು. ಅವರ ಮಾತಿನಲ್ಲಿ ನ್ಯಾಯವೂ ಇತ್ತು. ಹಳೆಯ ಗಾಡಿ ಎಂದರೆ ಸವೆದಿರುತ್ತದೆ, ಅದಕ್ಕೇ ಕಡಿಮೆ ಬೆಲೆ. ಕೊಳ್ಳುವವನು ತನ್ನ ಮಿಸ್ತ್ರಿಯನ್ನು ಕರೆತರಬಹುದು. ಹೇಳಲು ಹೊರಟರೆ ಎಲ್ಲಿಯವರೆಗೆ ಹೇಳುವುದು? ಹಿಂದಿನ ಸೀಟಿನ ಚಹದ ಕಲೆ, ಬಿಗಿಯಾಗಿ ಇಳಿಯುವ ಕಿಟಕಿ, ಎಲ್ಲವನ್ನೂ ಡಂಗುರ ಸಾರಬೇಕೆ?

ಈ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟಿದ್ದೇನೂ ಅಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೊ ಎಂಬವನು ಕರ್ತವ್ಯಗಳ ಕುರಿತ ತನ್ನ ಗ್ರಂಥದಲ್ಲಿ ಇದನ್ನೇ ಚರ್ಚಿಸಿದ. ರೋಡ್ಸ್ ದ್ವೀಪದಲ್ಲಿ ಬರ. ಒಬ್ಬ ವರ್ತಕ ಅಲೆಕ್ಸಾಂಡ್ರಿಯಾದಿಂದ ಹಡಗಿನ ತುಂಬ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿವೆ ಎಂದು ಅವನಿಗೆ ಗೊತ್ತು. ಹೇಳಿದರೆ ಬೆಲೆ ಬೀಳುತ್ತದೆ. ಹೇಳಬೇಕೇ ಬೇಡವೇ? ಡಯೊಜಿನಿಸ್ ಎಂಬ ಪಂಡಿತ, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ವಾದಿಸಿದನಂತೆ. ಆಂಟಿಪೇಟರ್ ಎಂಬ ಇನ್ನೊಬ್ಬ ಒಪ್ಪಲಿಲ್ಲ. ಕೊನೆಗೆ ಸಿಸೆರೊ ವರ್ತಕ ಮುಚ್ಚಿಡಬಾರದಿತ್ತು ಎನ್ನುತ್ತಾನೆ.

ಹೇಳದಿರುವುದೂ ಮುಚ್ಚಿಡುವುದೂ ಬೇರೆ ಬೇರೆ ಎಂದು ಒಂದು ಗಳಿಗೆ ಒಪ್ಪೋಣ. ಆ ಲೆಕ್ಕದಲ್ಲಿ ನೋಡಿದರೂ ನಮ್ಮ ಮನೆಯವರ ಉಪಾಯ ನಿಲ್ಲುವುದಿಲ್ಲ ಎಂದು ನನಗೆ ಹೊಳೆದದ್ದು ರಾತ್ರಿ ಅಡುಗೆಮನೆಯಲ್ಲಿ. ಗಾಡಿಯನ್ನು ಇದ್ದಂತೆಯೇ ಬಿಟ್ಟಿದ್ದರೆ ಅದು ತಾನೇ ಟಕ್ ಟಕ್ ಎಂದು ಸಾಕ್ಷಿ ಹೇಳುತ್ತಿತ್ತು. ಹುಡುಗ ಒಂದು ಸುತ್ತು ಓಡಿಸಿದರೆ, ಮುಂದೆ ಏನೋ ಆಗಿದೆ, ಮಿಸ್ತ್ರಿಗೆ ತೋರಿಸಬೇಕು ಎಂದುಕೊಳ್ಳುತ್ತಿದ್ದ. ಲಿಂಕ್ ರಾಡ್ ಮಾತ್ರ ಹಾಕಿದರೆ ಆ ಸಾಕ್ಷಿಯ ಬಾಯಿಗೆ ನಾವೇ 2,000 ರೂಪಾಯಿ ಕೊಟ್ಟು ಬಟ್ಟೆ ತುರುಕಿದಂತೆ. ನೋಡುವವರಿಗೆ ಅದು ರಿಪೇರಿ. ಬಿಲ್ಲೂ ಇರುತ್ತದೆ! ಚಹದ ಕಲೆ ಕಣ್ಣಿಗೆ ಕಾಣುತ್ತದೆ, ಅದರಿಂದ ಯಾರ ಕೈಕಾಲೂ ಮುರಿಯುವುದಿಲ್ಲ. ಕಿತ್ತ ಬುಷ್ ಕಾಣುವುದಿಲ್ಲ, ಸಡಿಲಾದ ಜಾಯಿಂಟ್ ಗಾಲಿಯನ್ನೇ ಕೆಡವಬಲ್ಲದು. ಎಲ್ಲಿಯವರೆಗೆ ಹೇಳುವುದು ಎಂಬುದಕ್ಕೆ ನನಗೆ ಇಷ್ಟು ಗೆರೆ ಸಾಕು.

ಇನ್ನು ಆ ಹುಡುಗ. ಮಿಸ್ತ್ರಿಯನ್ನು ಕರೆದುಕೊಂಡು ಬಾ ಎಂದು ನಾನೇ ಫೋನಿನಲ್ಲಿ ಹೇಳಿದ್ದೆ. 'ನಿಮ್ಮ ಗಾಡಿಗಿ ಮಿಸ್ತ್ರಿ ಯಾಕ್ರಿ ಅಕ್ಕೋರ?' ಎಂದು ನಕ್ಕುಬಿಟ್ಟ. ಹರಾಜಿನ ಕುದುರೆಯ ಮಾತು ಇಲ್ಲಿ ಹೊಂದುವುದಿಲ್ಲ. ಅವನಿಗೆ ಕನ್ನಡ ಅಕ್ಷರ ತಿದ್ದಿಸಿದ್ದು ಗಾಡಿಯ ಖಾತ್ರಿಯಾಗಿಬಿಟ್ಟಿತ್ತು. ನೀವು ಇಲ್ಲ ಅನ್ನದಿದ್ದರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನಮ್ಮದೇ ತಾಲ್ಲೂಕಿನ ಅಮರೇಶ್ವರದವರೆಂದು ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕಥೆ ನೀವು ಕೇಳಿರುತ್ತೀರಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕುತ್ತಿದ್ದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಚ್ಚಿನದನ್ನು ತಿರುಗಿ ಅಲ್ಲಿಯೇ ಸುರಿದು ಬಾ ಎಂದಳು ಲಕ್ಕಮ್ಮ. ಶಾಲೆಯಲ್ಲಿ ಈ ಕಥೆ ಹೇಳುವಾಗ ನಾವೆಲ್ಲ ಲಕ್ಕಮ್ಮನನ್ನು ಹೊಗಳುತ್ತೇವೆ. ನನಗೆ ಆ ವಾರವೆಲ್ಲ ಕಾಡಿದವನು ಮಾರಯ್ಯ. ಅವನು ಕದ್ದಿರಲಿಲ್ಲ, ನೆಲದ ಮೇಲೆ ಬಿದ್ದದ್ದನ್ನೇ ತಂದಿದ್ದ. ಬಿಸಿಲಲ್ಲಿ ಬಗ್ಗಿ ಆಯ್ದವನು ಅವನು, ಹೊತ್ತು ತಿರುಗಿ ಹೋದವನೂ ಅವನೇ. ಹೆಂಡತಿಯ ನೀತಿಗೆ ಗಂಡನ ಕಾಲು ಸವೆಯಬೇಕಾದಾಗ ಆಕೆ ಆ ಮಾತನ್ನು ಯಾವ ದನಿಯಲ್ಲಿ ಹೇಳಿದಳೋ. ನಮ್ಮ ಮನೆಯಲ್ಲಿ ಗಾಡಿಯ ದುಡ್ಡು ಅವರ ಹೆಸರಿನ ಖಾತೆಗೆ ಹೋಗುವುದಿತ್ತು. ನಿವೃತ್ತಿಯಾದ ಮೇಲೆ ಅವರು ಹಾಕಿಕೊಂಡ ಲೆಕ್ಕದಲ್ಲಿ 14,000 ಸಣ್ಣ ಮೊತ್ತವಲ್ಲ.

ಆದ್ದರಿಂದ ನಾನು ಉಪದೇಶ ಮಾಡಲಿಲ್ಲ. 'ನೀವು ಮಾತಾಡಬ್ಯಾಡ್ರಿ, ನಾ ಹೇಳತೀನಿ. ಕಡಿಮಿ ಆದದ್ದು ನನ್ನ ಪಗಾರದಾಗ ತಗೋರಿ' ಎಂದೆ. ಲಿಂಕ್ ರಾಡನ್ನೂ ಹಾಕಿಸಲಿಲ್ಲ. ಹುಡುಗ ಬಂದಾಗ ಕೋಟೆಯ ಕಡೆ ಒಂದು ಸುತ್ತು ಓಡಿಸಿಕೊಂಡು ಬಾ ಎಂದು ಕಳಿಸಿದೆ. ಬಂದ ಮೇಲೆ ನೋಟುಬುಕ್ಕಿನ ಹಾಳೆಯಲ್ಲಿ ಏನೇನು ಸವೆದಿದೆ, ಎಷ್ಟು ಖರ್ಚು ಬರುತ್ತದೆ ಎಂದು ಬರೆದಿದ್ದನ್ನು ಕೈಗೆ ಕೊಟ್ಟೆ. ಅವನು ಓದಿ, ಅಷ್ಟು ಮೊತ್ತ ಕಳೆದು ಬೆಲೆ ಹೇಳಿದ. ರಿಪೇರಿಯನ್ನು ಸಿಂಧನೂರಿನಲ್ಲಿ ಪರಿಚಯದವರ ಹತ್ತಿರ ತಾನೇ ಮಾಡಿಸಿಕೊಳ್ಳುವುದಾಗಿ ಹೇಳಿದ. ವ್ಯವಹಾರ ಮುಗಿಯಿತು. ನಮ್ಮ ಮನೆಯವರು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ, 'ಪುಣ್ಯ ನಿನಗ, ಲುಕ್ಸಾನ ನನಗ' ಎಂದರು, ಅದೂ ಅರ್ಧ ನಗುತ್ತ. ನನ್ನ ಪಗಾರದ ದುಡ್ಡು ಮಾತ್ರ ತೆಗೆದುಕೊಳ್ಳಲಿಲ್ಲ.

ಮೊಹರಮ್ಮಿಗೆ ಅವನು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದ. ನಮ್ಮೂರಿನ ಮೊಹರಂ ಎಂದರೆ ಹಿಂದೂ ಮುಸ್ಲಿಂ ಎನ್ನದೆ ಸುತ್ತಲ ಜಿಲ್ಲೆಗಳ ಜನ ಸೇರುವ ಜಾತ್ರೆ. ಗರ್ದಿಯಲ್ಲಿ ಗಾಡಿ ನಮ್ಮ ಓಣಿಗೆ ಬಂದು ನಿಂತಿತು. ಓಣಿಯ ಕಲ್ಲುಗಳ ಮೇಲೆ ಬಂದರೂ ಟಕ್ ಎನ್ನಲಿಲ್ಲ. ಸಂತೋಷವಾಯಿತು. 'ಎಲ್ಲಾ ಹಾಕಿಸಿದೇನಪಾ?' ಎಂದೆ.

'ಲಿಂಕ್ ರಾಡ್ ಹಾಕ್ಸೀನ್ರಿ ಅಕ್ಕೋರ. ಸದ್ದು ಒಂಚೂರೂ ಇಲ್ಲ ಈಗ. ಉಳಿದದ್ದು ಸುಗ್ಗಿ ಆದಮ್ಯಾಲೆ ನೋಡಿದ್ರಾತು.'

ಅವನಿಗೆ ಎಲ್ಲ ಗೊತ್ತಿದೆ. ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ, ಬೆಲೆಯಲ್ಲಿ ಮುರಿದುಕೊಂಡಿದ್ದಾನೆ. ಕಾನೂನಿನ ಕುದುರೆ, ರೋಡ್ಸಿನ ಹಡಗು, ಎಲ್ಲದರ ಲೆಕ್ಕದಲ್ಲೂ ನನ್ನ ಪಾಲಿನದು ಮುಗಿದಿದೆ. ಆದರೆ ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಕೂತಿದ್ದಳು, ತೊಡೆಯ ಮೇಲೆ ಎರಡು ವರ್ಷದ ಮಗು. ಆಕೆಗೆ ಆ ಹಾಳೆಯನ್ನು ತೋರಿಸಿರುವನೆಂದು ನನಗೆ ಅನ್ನಿಸಲಿಲ್ಲ. ಗಂಡ ಹೆಂಡಿರ ನಡುವೆ ನಾನು ಯಾಕೆ ಹೋಗಬೇಕು? ನಮ್ಮ ಮನೆಯವರು ಹಿಂದಿನಿಂದ ಕೆಮ್ಮಿದರು. ಆ ಕೆಮ್ಮಿನ ಅರ್ಥ ಮೂವತ್ತು ವರ್ಷಗಳಿಂದ ನನಗೆ ಗೊತ್ತು.

ನಾನು ಆಕೆಯ ಕಿಟಕಿಯ ಹತ್ತಿರ ಹೋಗಿ ಲೋಯರ್ ಆರ್ಮಿನ ಮಾತು ತೆಗೆದೆ.

'ಬುಷ್ ಅಂದ್ರೇನ್ರಿ ಅಕ್ಕೋರ?' ಎಂದು ಕೇಳಿದಳು.

'ಕುಕ್ಕರಿನ ಗ್ಯಾಸ್ಕೆಟ್ ನೋಡೀಯಿಲ್ಲವಾ? ಸೀಳಿದ ಗ್ಯಾಸ್ಕೆಟ್ ಹಾಕಿ ಯಾರರ ಅನ್ನಕ್ಕ ಇಡತಾರೇನು?' ಎಂದೆ.

ಆಕೆ ಗಂಡನ ಕಡೆ ತಿರುಗಿ ನೋಡಿದಳು. ಮಗುವನ್ನು ಎತ್ತಿಕೊಂಡು ಇಳಿದು, ಹಿಂದಿನ ಬಾಗಿಲು ತೆಗೆದು ಅತ್ತೆಯ ಪಕ್ಕದಲ್ಲಿ ಕೂತಳು.