ಕರಾರಿನ ನಡುವೆ ಮೇಲ್ದರ್ಜೆಗೆ

ಪವಿತ್ರ ಕುರ್‌ಆನಿನ ಐದನೆಯ ಅಧ್ಯಾಯ ‘ಅಲ್ ಮಾಇದಃ’ ಆರಂಭವಾಗುವುದೇ ಕರಾರುಗಳನ್ನು ಪೂರ್ಣವಾಗಿ ಪಾಲಿಸಬೇಕೆಂಬ ಆದೇಶದಿಂದ. ಉಪವಾಸದ ಆದೇಶದಂತೆಯೇ ಇದೂ ಸತ್ಯವಿಶ್ವಾಸಿಗಳನ್ನು ಕರೆದು ಹೇಳಿದ ಆದೇಶ. ಆದರೆ ಕರಾರು ಎಂದೊಡನೆ ನಮ್ಮ ನೆನಪಿಗೆ ಬರುವುದು ನಿಕಾಹ್, ಜಮೀನಿನ ಕ್ರಯಪತ್ರ, ಸಾಲದ ಪತ್ರ ಮುಂತಾದವು ಮಾತ್ರ. ಮೊಬೈಲ್ ಫೋನಿನಲ್ಲಿ ಅಥವಾ ಕಛೇರಿಯ ಕಂಪ್ಯೂಟರಿನಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತುವಾಗಲೂ ನಾವು ಕರಾರೊಂದನ್ನು ಮಾಡಿಕೊಳ್ಳುತ್ತಿದ್ದೇವೆ ಎಂಬ ಪ್ರಜ್ಞೆ ಎಷ್ಟು ಮಂದಿಗಿದೆ?

ಹಿಂದೆ ಸಾಫ್ಟ್‌ವೇರ್ ಎಂದರೆ ಒಮ್ಮೆ ಹಣ ಕೊಟ್ಟು ತರುವ ವಸ್ತುವಾಗಿತ್ತು. ಇಂದು ಅದರ ಬಹುಭಾಗ ಪತ್ರಿಕೆಯಂತೆ ಚಂದಾ ವ್ಯವಸ್ಥೆಗೆ ಬಂದಿದೆ. ಅಂಗಡಿಯ ಲೆಕ್ಕ, ಶಾಲೆಯ ಅಂಕಪಟ್ಟಿ, ಸಂಸ್ಥೆಯ ಪತ್ರವ್ಯವಹಾರ ಎಲ್ಲವೂ ವಾರ್ಷಿಕ ಚಂದಾದ ಮೇಲೆ ನಡೆಯುತ್ತವೆ. ಚಂದಾಕ್ಕೆ ದರ್ಜೆಗಳೂ ಇವೆ. ಕಡಿಮೆ ದರ್ಜೆಯಲ್ಲಿ ಕಡಿಮೆ ಸೌಲಭ್ಯ, ಮೇಲ್ದರ್ಜೆಯಲ್ಲಿ ಹೆಚ್ಚು. ವರ್ಷಕ್ಕೆಂದು ಮಾತು ಕೊಟ್ಟು ಐದಾರು ತಿಂಗಳಾಗುವಷ್ಟರಲ್ಲಿ ಹೆಚ್ಚಿನ ಸೌಲಭ್ಯ ಬೇಕೆನಿಸುತ್ತದೆ. ಆಗ ಅವಧಿಯ ನಡುವೆಯೇ ಮೇಲ್ದರ್ಜೆಗೆ ಏರುತ್ತೇವೆ. ಒಮ್ಮೆ ಒಪ್ಪಿದ ಕರಾರನ್ನು ಹೀಗೆ ನಡುವೆ ಬದಲಿಸುವುದು ಅದರ ಪಾಲನೆಯೇ, ಉಲ್ಲಂಘನೆಯೇ? ಬದಲಿಸುವಾಗ ಯಾರ ಮೇಲೆ ಯಾವ ಹೊಣೆಯಿದೆ? ಇದು ಕೇವಲ ಗುಮಾಸ್ತರು ಬಗೆಹರಿಸಬೇಕಾದ ಪ್ರಶ್ನೆಯಲ್ಲ.

ಇದು ಒಂದು ಬಗೆಯ ಬಾಡಿಗೆ

ಕರ್ಮಶಾಸ್ತ್ರದ ಭಾಷೆಯಲ್ಲಿ ಇಂತಹ ಚಂದಾಕ್ಕೆ ಬಹಳ ಹತ್ತಿರವಾದುದು ‘ಇಜಾರಃ’, ಅಂದರೆ ಬಾಡಿಗೆ. ಇಲ್ಲಿ ವಸ್ತು ನಮ್ಮದಾಗುವುದಿಲ್ಲ. ಅದರ ಪ್ರಯೋಜನ ಮಾತ್ರ ಒಂದು ಅವಧಿಗೆ ನಮ್ಮದು. ಇಜಾರಃ ಸಿಂಧುವಾಗಬೇಕಾದರೆ ಪ್ರಯೋಜನ ಯಾವುದು, ಬಾಡಿಗೆ ಎಷ್ಟು, ಅವಧಿ ಎಷ್ಟು ಎಂಬುದು ಇಬ್ಬರಿಗೂ ಸ್ಪಷ್ಟವಾಗಿ ತಿಳಿದಿರಬೇಕು. ಇವುಗಳಲ್ಲಿ ಒಂದು ಮಸುಕಾದರೂ ಅಲ್ಲಿ ‘ಗರರ್’, ಅಂದರೆ ಅನಿಶ್ಚಿತತೆ ನುಸುಳುತ್ತದೆ.

ಒಬ್ಬರು ಹುಬ್ಬಳ್ಳಿಯಲ್ಲಿ 11 ತಿಂಗಳ ಕರಾರಿಗೆ ಮನೆಯ ಕೆಳ ಅಂತಸ್ತನ್ನು ಬಾಡಿಗೆಗೆ ಪಡೆದರೆನ್ನಿ. ಐದನೆಯ ತಿಂಗಳಲ್ಲಿ ಊರಿನಿಂದ ತಂದೆತಾಯಿ ಬಂದು ನೆಲೆಸಿದರು. ಮೇಲಿನ ಅಂತಸ್ತೂ ಬೇಕಾಯಿತು. ಮನೆಯೊಡೆಯರು ಒಪ್ಪಿದರು, ಉಳಿದ ಆರು ತಿಂಗಳಿಗೆ ಹೆಚ್ಚುವರಿ ಬಾಡಿಗೆ ನಿಗದಿಯಾಯಿತು. ಇಲ್ಲಿ ಯಾರೂ ಮಾತು ಮುರಿದಿಲ್ಲ. ಇಬ್ಬರೂ ತಿಳಿದು, ಒಪ್ಪಿ, ಹಳೆಯ ಮಾತಿನ ಮೇಲೆ ಹೊಸ ಮಾತು ಆಡಿದ್ದಾರೆ. ಚಂದಾದಲ್ಲಿ ಮೇಲ್ದರ್ಜೆಗೆ ಏರುವುದೂ ಮೂಲತಃ ಇಷ್ಟೇ. ಕಳೆದ ತಿಂಗಳುಗಳಿಗೆ ಹಳೆಯ ದರ, ಉಳಿದ ತಿಂಗಳುಗಳಿಗೆ ಹೊಸ ದರ. ಮೊದಲೇ ಕೊಟ್ಟ ಹಣದಲ್ಲಿ ಬಳಸದೆ ಉಳಿದ ಭಾಗವನ್ನು ಹೊಸ ದರದಲ್ಲಿ ಕಳೆಯಲಾಗುತ್ತದೆ. ಹೆಚ್ಚು ಕೊಡುವುದು ಹೆಚ್ಚಿನ ಪ್ರಯೋಜನಕ್ಕಾಗಿ. ಆದ್ದರಿಂದ ಇದರಲ್ಲಿ ತಾನಾಗಿ ದೋಷವಿಲ್ಲ. ನಿಜವಾಗಿ ದೋಷವಿರುವುದು ಹಣ ಉಳಿಸಲೆಂದು ಒಬ್ಬರ ಚಂದಾವನ್ನು ಕರಾರಿಗೆ ವಿರುದ್ಧವಾಗಿ ಹತ್ತು ಮಂದಿ ಬಳಸುವುದರಲ್ಲಿ, ಬೀಗ ಮುರಿದ ಕಳ್ಳಪ್ರತಿಯಿಂದ ಮೇಲ್ದರ್ಜೆಯ ಸೌಲಭ್ಯ ಪಡೆಯುವುದರಲ್ಲಿ. ಕಂಪೆನಿ ದೂರದಲ್ಲಿದೆ, ಶ್ರೀಮಂತವಾಗಿದೆ, ಅದಕ್ಕೇನೂ ನಷ್ಟವಿಲ್ಲ ಎಂಬ ಸಮಜಾಯಿಷಿ ಅಲ್ಲಾಹನ ಮುಂದೆ ನಿಲ್ಲಲಾರದು.

ಏರಲು ದಾರಿ, ಇಳಿಯಲು ತಡೆ

ಹಾಗಾದರೆ ಪ್ರಶ್ನೆ ಇಲ್ಲಿಗೇ ಮುಗಿಯಿತೇ? ಇಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 2022ರಲ್ಲಿ ವಾಣಿಜ್ಯ ಗ್ರಾಹಕರಿಗಾಗಿ ಜಾರಿಗೆ ತಂದ ನಿಯಮಗಳನ್ನೇ ನೋಡೋಣ. ವಾರ್ಷಿಕ ಚಂದಾದಲ್ಲಿ ಬಳಕೆದಾರರ ಸಂಖ್ಯೆಯನ್ನು ಯಾವಾಗ ಬೇಕಾದರೂ ಹೆಚ್ಚಿಸಬಹುದು. ಕೆಳದರ್ಜೆಯಿಂದ ಮೇಲ್ದರ್ಜೆಗೆ ನಡುವೆಯೇ ಏರಬಹುದು. ಆದರೆ ಚಂದಾ ರದ್ದುಗೊಳಿಸಲು, ಸಂಖ್ಯೆ ಇಳಿಸಲು ಅವಕಾಶವಿರುವುದು ಮೊದಲ 7 ದಿನಗಳಲ್ಲಿ; ಆ ಬಳಿಕ ವರ್ಷ ಮುಗಿದು ನವೀಕರಣದ ದಿನ ಬರುವವರೆಗೆ ಕಾಯಬೇಕು. ಇತರ ಅನೇಕ ಕಂಪೆನಿಗಳ ನಿಯಮವೂ ಹೆಚ್ಚುಕಡಿಮೆ ಇದೇ. ಏರುವುದಕ್ಕೆ ಒಂದು ಗುಂಡಿ ಸಾಕು. ಇಳಿಯುವುದಕ್ಕೆ ವರ್ಷಾಂತ್ಯ ಬೇಕು.

ಇದು ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಪಡೆಯುವಾಗ ತುಂಬಿಸಿ ಅಳೆದುಕೊಂಡು, ಕೊಡುವಾಗ ಕಡಿತ ಮಾಡುವವರನ್ನು ಕುರ್‌ಆನ್ ‘ಅಲ್ ಮುತಫ್ಫಿಫೀನ್’ ಅಧ್ಯಾಯದಲ್ಲಿ ಕಠಿಣವಾಗಿ ಎಚ್ಚರಿಸಿದೆ. ಆದರೆ ಆತುರದಿಂದ ತೀರ್ಪು ಕೊಡುವುದು ಸರಿಯಲ್ಲ. ವರ್ಷಕ್ಕೆ ಬದ್ಧನಾದ ಗ್ರಾಹಕನಿಗೆ ಪ್ರತಿಯಾಗಿ ಒಂದು ಲಾಭ ಸಿಕ್ಕಿರುತ್ತದೆ: ತಿಂಗಳು ತಿಂಗಳಿನ ಚಂದಾಕ್ಕಿಂತ ಕಡಿಮೆ ದರ, ವರ್ಷವಿಡೀ ಆ ದರ ಏರದೆಂಬ ಭರವಸೆ. ಈ ಲಾಭವನ್ನು ಪಡೆದು, ಬೇಡವೆನಿಸಿದಾಗ ಹೊರಟುಹೋಗುವ ಸ್ವಾತಂತ್ರ್ಯವನ್ನೂ ಬಯಸುವವನು ತಾನೇ ತಕ್ಕಡಿಯನ್ನು ವಾಲಿಸುವವನಾಗುತ್ತಾನೆ. ಇನ್ನು ಆ 7 ದಿನಗಳ ಅವಕಾಶ ನಮ್ಮ ಇಮಾಮರುಗಳಿಗೆ ಅಪರಿಚಿತವಾದುದಲ್ಲ. ಕರಾರಿನ ಬಳಿಕ ಯೋಚಿಸಿ ಹಿಂದೆ ಸರಿಯಲು ಕೊಡುವ ಗಡುವನ್ನು ‘ಖಿಯಾರುಶ್ಶರ್ತ್’ ಎನ್ನುತ್ತಾರೆ. ಇಮಾಮ್ ಅಬೂಹನೀಫ ಮತ್ತು ಇಮಾಮ್ ಶಾಫಿಈ ಅದನ್ನು ಮೂರು ದಿನಕ್ಕೆ ಮಿತಿಗೊಳಿಸಿದರೆ, ಅಬೂಹನೀಫರ ಶಿಷ್ಯರಾದ ಅಬೂಯೂಸುಫ್ ಮತ್ತು ಮುಹಮ್ಮದ್ ಹೆಚ್ಚಿನ ಅವಧಿಗೂ ಸಮ್ಮತಿಸಿದ್ದಾರೆ.

ಅಷ್ಟಾದರೂ ನ್ಯಾಯದ ಮೇಲೆ ಔದಾರ್ಯವೆಂಬುದೊಂದಿದೆ. ಕೊಂಡವನು ಪಶ್ಚಾತ್ತಾಪಪಟ್ಟು ಬಂದಾಗ ವ್ಯಾಪಾರವನ್ನು ಮರಳಿಸಲು ಒಪ್ಪುವ ಮಾರಾಟಗಾರನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂದು ಪ್ರವಾದಿವರ್ಯರು(ಸ) ಸುವಾರ್ತೆ ನೀಡಿದ್ದಾರೆ. ಇದಕ್ಕೆ ‘ಇಕಾಲಃ’ ಎಂದು ಹೆಸರು. ಬಾಡಿಗೆಯ ವಿಷಯದಲ್ಲಿ ಹನಫಿ ವಿದ್ವಾಂಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ವ್ಯಾಪಾರಕ್ಕೆಂದು ಅಂಗಡಿ ಬಾಡಿಗೆಗೆ ಪಡೆದವನು ದಿವಾಳಿಯಾದರೆ ಅವನಿಗೆ ಕರಾರಿನಿಂದ ಹೊರಬರಲು ಅವರು ದಾರಿ ಕೊಡುತ್ತಾರೆ. ಶಾಫಿಈ ಪಂಥದಲ್ಲಿ ಬಾಡಿಗೆಯ ಕರಾರು ಹೀಗೆ ಸಡಿಲವಾಗುವುದಿಲ್ಲ. ಕರಾವಳಿಯ ಶಾಫಿಈಗಳೂ ಬಯಲುಸೀಮೆಯ ಹನಫಿಗಳೂ ಒಂದೇ ಮಾರುಕಟ್ಟೆಯಲ್ಲಿ ವ್ಯವಹರಿಸುವ ನಮ್ಮ ನಾಡಿನಲ್ಲಿ ಈ ಎರಡೂ ನಿಲುವುಗಳಿಂದ ಕಲಿಯಲಿಕ್ಕಿದೆ: ಮಾತಿಗೆ ಬದ್ಧನಾಗಿರು; ಎದುರಿನವನು ನಿಜವಾಗಿ ಕಷ್ಟಕ್ಕೆ ಸಿಲುಕಿದಾಗ ಅವನ ಕುತ್ತಿಗೆ ಹಿಸುಕಬೇಡ.

ರಾಶಿಯ ಒಳಗಿನ ತೇವ

ನಿಯಮ ಕಠಿಣವಾಗಿದ್ದರೂ ಸ್ಪಷ್ಟವಾಗಿದ್ದರೆ ಸಹಿಸಬಹುದು. ಅದನ್ನು ಮರೆಮಾಡಿದಾಗ ಮಾತ್ರ ಕರಾರಿನ ಜೀವವೇ ಹೋಗುತ್ತದೆ. ಪ್ರವಾದಿವರ್ಯರು(ಸ) ಮದೀನದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ತೇವವನ್ನು ಕಂಡ ಘಟನೆ ನಮ್ಮ ಮಕ್ಕಳಿಗೂ ಗೊತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ನೆನೆದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು. ಧಾನ್ಯ ನೆನೆದುದಕ್ಕಾಗಿ ಅವನನ್ನು ಆಕ್ಷೇಪಿಸಲಿಲ್ಲ. ಅದನ್ನು ಅಡಿಯಲ್ಲಿಟ್ಟುದಕ್ಕಾಗಿ ಆಕ್ಷೇಪಿಸಿದರು.

ಇಂದಿನ ಪೇಟೆಯಲ್ಲೂ ಇದರ ಉದಾಹರಣೆ ಸಿಗುತ್ತದೆ. 2025ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಸ್ಪರ್ಧೆ ಮತ್ತು ಗ್ರಾಹಕ ಆಯೋಗವು ಮೈಕ್ರೋಸಾಫ್ಟ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಮನೆಬಳಕೆಯ ಚಂದಾಕ್ಕೆ ‘ಕೋಪೈಲಟ್’ ಎಂಬ ಹೊಸ ಸೌಲಭ್ಯವನ್ನು ಸೇರಿಸಿ ದರ ಏರಿಸಲಾಗಿತ್ತು; ವೈಯಕ್ತಿಕ ಚಂದಾ ವರ್ಷಕ್ಕೆ 109 ಡಾಲರಿನಿಂದ 159 ಡಾಲರಿಗೆ ಏರಿತ್ತು. ಹೊಸ ದರ ಒಪ್ಪಿ ಅಥವಾ ಚಂದಾ ರದ್ದುಗೊಳಿಸಿ ಎಂಬ ಎರಡೇ ದಾರಿಗಳಿವೆಯೆಂದು ಸುಮಾರು 27 ಲಕ್ಷ ಗ್ರಾಹಕರು ಭಾವಿಸುವಂತಾಯಿತು ಎಂಬುದು ಆಯೋಗದ ಆರೋಪ. ಆದರೆ ಹೊಸ ಸೌಲಭ್ಯವಿಲ್ಲದೆ ಹಳೆಯ ದರದಲ್ಲೇ ಮುಂದುವರಿಯುವ ಮೂರನೆಯ ದಾರಿಯೂ ಇತ್ತು. ರದ್ದುಗೊಳಿಸಲು ಹೊರಟವನಿಗೆ ಮಾತ್ರ ಅದು ಕಾಣುತ್ತಿತ್ತು ಎಂದು ಆಯೋಗ ಹೇಳಿತು. ಮುಂದಿನ ತಿಂಗಳು ಸಂಸ್ಥೆಯು ಕ್ಷಮೆ ಕೋರಿ ಹಣ ಮರಳಿಸುವ ಅವಕಾಶವನ್ನು ಗ್ರಾಹಕರ ಮುಂದಿಟ್ಟಿತು. ಕೇಳದೆ ಮೇಲ್ದರ್ಜೆಗೆ ಏರಿಸುವುದು, ಕೆಳಗಿರುವ ದಾರಿಯನ್ನು ಕಾಣದಂತೆ ಇಡುವುದು ಇವೆರಡೂ ರಾಶಿಯ ಒಳಗಿನ ತೇವವೇ. ನಮ್ಮ ದೇಶದಲ್ಲೂ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂತಹ 13 ವಂಚಕ ವಿಧಾನಗಳನ್ನು ಹೆಸರಿಸಿ ನಿಷೇಧಿಸಿತು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬ ಚಂದಾ ಬಲೆಯೂ ಅವುಗಳಲ್ಲೊಂದು.

ಇಲ್ಲಿ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಾದ ‘ಅಲ್ ಬಕರಃ’ದ 282ನೆಯ ಸೂಕ್ತ ಚಿಂತನಾರ್ಹ. ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸುವ ಆ ಸೂಕ್ತ, ಪತ್ರದ ಒಕ್ಕಣೆಯನ್ನು ಹೇಳಿ ಬರೆಸುವ ಹಕ್ಕನ್ನು ಹಣ ಬರಬೇಕಾದವನಿಗೆ ಕೊಡಲಿಲ್ಲ. ಹಣ ತೆರಬೇಕಾದವನಿಗೆ ಕೊಟ್ಟಿತು. ಹೊಣೆ ಹೊರುವವನಿಗೆ ತಾನು ಹೊರುವುದೇನೆಂದು ತನ್ನ ಬಾಯಿಂದಲೇ ತಿಳಿದಿರಬೇಕು ಎಂಬ ಹಿತ ಇದರಲ್ಲಿ ಕಾಣುತ್ತದೆ. ಇಂದಿನ ಚಂದಾ ಕರಾರುಗಳಲ್ಲಿ ಇದು ತಿರುಗುಮುರುಗಾಗಿದೆ. ಬರೆಯುವವನು ಹಣ ಪಡೆಯುವವನು. ತೆರುವವನು ಓದದೆ ಒಪ್ಪುವವನು. ಆದ್ದರಿಂದ ಬರೆಯುವ ಅಧಿಕಾರ ಪಡೆದ ಮಾರಾಟಗಾರನ ಮೇಲೆ, ಹೊಣೆ ಹೊರುವವನಿಗೆ ಅದನ್ನು ತಿಳಿಯಪಡಿಸುವ ಬಾಧ್ಯತೆ ಇಮ್ಮಡಿಯಾಗುತ್ತದೆ. ತೆರುವವನೂ ಒಂದು ಕೆಲಸ ಮಾಡಬಹುದು: ಗುಂಡಿ ಒತ್ತುವ ಮುನ್ನ ತಾನು ಒಪ್ಪುತ್ತಿರುವುದನ್ನು ತನ್ನದೇ ಮಾತಿನಲ್ಲಿ ಎರಡು ಸಾಲು ಬರೆದು ನೋಡಬಹುದು. ಬರೆಯಲು ಬಾರದಿದ್ದರೆ ತಿಳಿದಿಲ್ಲವೆಂದೇ ಅರ್ಥ.

ಇತರರ ಹಣವಾದರೆ?

ಸ್ವಂತ ಹಣದಲ್ಲಿ ಎಡವಿದವನು ತನ್ನ ಜೇಬಿಗೆ ಮಾತ್ರ ನಷ್ಟ ಮಾಡಿಕೊಳ್ಳುತ್ತಾನೆ. ಆದರೆ ನಮ್ಮಲ್ಲಿ ಅನೇಕರು ಮಸೀದಿ, ಮದ್ರಸ, ಶಾಲೆ, ಅನಾಥಾಲಯಗಳ ಸಮಿತಿಗಳಲ್ಲಿದ್ದಾರೆ. ಅಲ್ಲಿ ಗುಂಡಿ ಒತ್ತುವ ಬೆರಳು ಒಬ್ಬರದು, ಹಣ ಸಮುದಾಯದ್ದು. ಮೇಲೆ ಹೇಳಿದ ಅದೇ ಸೂಕ್ತವು, ತೆರಬೇಕಾದವನು ಅಶಕ್ತನಾದರೆ ಅವನ ಪೋಷಕನು ನ್ಯಾಯದಿಂದ ಬರೆಸಲಿ ಎಂದು ವಿಧಿಸುತ್ತದೆ. ಸಮಿತಿಯವರು ಅಂತಹ ಪೋಷಕರು.

ಒಂದು ಲೆಕ್ಕ ನೋಡೋಣ. ತಿಳಿಯಲು ಸುಲಭವಾಗಲೆಂದು ದುಂಡು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಶಾಲೆಯೊಂದು 10 ಮಂದಿಗೆ ತಿಂಗಳಿಗೆ ತಲಾ 200 ರೂಪಾಯಿಯ ಚಂದಾ ಪಡೆದು ವರ್ಷಕ್ಕೆ 24,000 ರೂಪಾಯಿ ತೆತ್ತಿದೆ. ಐದು ತಿಂಗಳಾದ ಮೇಲೆ 700 ರೂಪಾಯಿಯ ಮೇಲ್ದರ್ಜೆ ಬೇಕೆನಿಸಿತು. ಎಲ್ಲರನ್ನೂ ಏರಿಸಿದರೆ ಉಳಿದ 7 ತಿಂಗಳಿಗೆ ಹೊಸ ದರ 49,000. ಬಳಸದೆ ಉಳಿದ 14,000 ಕಳೆದರೆ ತೆರಬೇಕಾದುದು 35,000 ರೂಪಾಯಿ. ನಿಜವಾಗಿ ಅಗತ್ಯವಿರುವ ಮೂವರನ್ನು ಮಾತ್ರ ಏರಿಸಿದರೆ 10,500 ರೂಪಾಯಿ ಸಾಕು. ವಿಷಯ ಇಲ್ಲಿಗೇ ನಿಲ್ಲುವುದಿಲ್ಲ. ನವೀಕರಣದ ದಿನ ಯಾರೂ ನೆನಪಿಸಿಕೊಳ್ಳದಿದ್ದರೆ ಚಂದಾ ತಾನಾಗಿಯೇ ಮುಂದುವರಿಯುತ್ತದೆ. ಆಗ ಎಲ್ಲರೂ ಏರಿದ್ದರೆ ಮುಂದಿನ ವರ್ಷಕ್ಕೆ 84,000. ಮೂವರು ಮಾತ್ರ ಏರಿದ್ದರೆ 42,000. ಅರ್ಧಕ್ಕರ್ಧ ವ್ಯತ್ಯಾಸ! ಇಳಿಯುವ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುವುದರಿಂದ ಇಂದಿನ ಆತುರದ ಬೆಲೆಯನ್ನು ತಿಂಗಳುಗಟ್ಟಲೆ ತೆರಬೇಕಾಗುತ್ತದೆ. ಆ ಹಣ ಬಂದದ್ದೆಲ್ಲಿಂದ? ಬೀಡಿ ಕಟ್ಟುವ ತಾಯಂದಿರ ದಾನದಿಂದ, ಗಲ್ಫಿನ ಬಿಸಿಲಿನಲ್ಲಿ ದುಡಿಯುವ ಸಹೋದರರ ಬೆವರಿನಿಂದ. ಅದು ಅಮಾನತ್ತು.

ಆದ್ದರಿಂದ ಏರುವ ಮುನ್ನ ಹೊಣೆಗಾರರು ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಈ ಸೌಲಭ್ಯ ಯಾರಿಗೆ, ಯಾವ ಕೆಲಸಕ್ಕೆ ಬೇಕು? ಈಗಿರುವುದನ್ನು ಪೂರ್ಣವಾಗಿ ಬಳಸಿದ್ದೇವೆಯೇ? ಹಳೆಯ ಮುಕ್ತಾಯದ ದಿನಾಂಕವೇ ಉಳಿಯುವುದೇ, ಅಥವಾ ಇಂದಿನಿಂದ ಹೊಸದಾಗಿ ವರ್ಷ ಆರಂಭವಾಗುವುದೇ? ಉಳಿದ ಹಣ ಲೆಕ್ಕಕ್ಕೆ ಬರುವುದೇ? ಉತ್ತರಗಳನ್ನು ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ನವೀಕರಣದ ದಿನಾಂಕವನ್ನು ಕಛೇರಿಯ ಕ್ಯಾಲೆಂಡರಿನಲ್ಲಿ ಗುರುತಿಸಬೇಕು.

ಕೊನೆಯದಾಗಿ ನಮ್ಮ ಮನಸ್ಸಿನ ವಿಷಯ. ಮೇಲ್ದರ್ಜೆಯ ಗುಂಡಿಯನ್ನು ಕಂಪೆನಿ ಸದಾ ಹೊಳೆಯುವಂತೆ ಇಡುತ್ತದೆ. ಅದನ್ನು ಒತ್ತಿಸುವುದು ಕೆಲವೊಮ್ಮೆ ಅಗತ್ಯ, ಕೆಲವೊಮ್ಮೆ ಪಕ್ಕದ ಸಂಸ್ಥೆಯಲ್ಲಿದೆ ಎಂಬ ಹೊಟ್ಟೆಕಿಚ್ಚು. ಇರುವುದರಲ್ಲಿ ತೃಪ್ತಿಪಡುವ ‘ಕನಾಅತ್’ ಬಡತನದ ಹೆಸರಲ್ಲ. ಬೇಕಾದುದನ್ನು ಬೇಕೆನಿಸಿದುದರಿಂದ ಬೇರ್ಪಡಿಸುವ ವಿವೇಕದ ಹೆಸರು. ಅಗತ್ಯವಿದ್ದರೆ ನಿಸ್ಸಂಕೋಚವಾಗಿ ಏರೋಣ, ತಿಳಿದು ಏರೋಣ, ಏರಿದ ಮೇಲೆ ಕೊಟ್ಟ ಮಾತನ್ನು ಕೊನೆಯ ದಿನದವರೆಗೆ ಉಳಿಸೋಣ. ಕರಾರಿನ ಅವಧಿ ಹನ್ನೆರಡು ತಿಂಗಳಿಗೆ ಮುಗಿಯುತ್ತದೆ. ಅದರ ಕುರಿತು ನಾವು ಉತ್ತರಿಸಬೇಕಾದ ದಿನ ಬೇರೆಯೇ ಇದೆ.