ಉತ್ತರವಿಲ್ಲದ ಪ್ರಶ್ನೆ

ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲುಗಳ ಒಂದು ಚೌಕಟ್ಟು; ಅದರೊಳಗೆ 1ರಿಂದ 15ರವರೆಗಿನ ಅಂಕಿಗಳ ಬಿಲ್ಲೆಗಳು; ಒಂದು ಮನೆ ಮಾತ್ರ ಖಾಲಿ. ಆ ಖಾಲಿ ಮನೆಯೇ ಆಟದ ಜೀವ. ಬಿಲ್ಲೆಗಳನ್ನು ಎತ್ತದೆ, ಸರಿಸಿ ಸರಿಸಿಯೇ ಕ್ರಮಕ್ಕೆ ತರಬೇಕು. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ನಾನೂ ಒಂದನ್ನು ಕೊಂಡಿದ್ದೆ.

ಇದರ ಮೂಲಕರ್ತೃ ಅಮೆರಿಕದ ಕ್ಯಾನಸ್ಟೋಟಾ ಎಂಬ ಊರಿನ ಪೋಸ್ಟ್‌ಮಾಸ್ಟರ್ ನೋಯ್ಸ್ ಚಾಪ್ಮನ್. 1880ರಲ್ಲಿ ಈ ಆಟದ ಹುಚ್ಚು ಅಮೆರಿಕವನ್ನೂ ಯುರೋಪನ್ನೂ ಹಿಡಿಯಿತು. ಮುಂದೆ ಸ್ಯಾಮ್ ಲಾಯ್ಡ್ ಎಂಬ ಒಗಟುಗಾರನು ಇದು ತನ್ನದೇ ಸೃಷ್ಟಿಯೆಂದು ಸಾರಿಕೊಂಡನು. ಅದು ಸುಳ್ಳು, ಆದರೆ ನನ್ನನ್ನು ಕಾಡುವುದು ಆ ಸುಳ್ಳಲ್ಲ. 14 ಮತ್ತು 15 ಮಾತ್ರ ಅದಲುಬದಲಾಗಿ, ಉಳಿದವೆಲ್ಲ ಸ್ವಸ್ಥಾನದಲ್ಲಿರುವ ಚೌಕಟ್ಟನ್ನು ಸರಿಪಡಿಸಿದವರಿಗೆ ಸಾವಿರ ಡಾಲರ್ ಬಹುಮಾನವೆಂದು ಅವನು ಘೋಷಿಸಿದನು. ಅದು ಅಸಾಧ್ಯವೆಂಬುದು ಅದಕ್ಕೆ ಮುಂಚೆಯೇ ಗಣಿತಜ್ಞರಿಂದ ಸಿದ್ಧವಾಗಿತ್ತು. ಪ್ರತಿ ನಡೆಯೂ ಖಾಲಿ ಮನೆಗೂ ಒಂದು ಬಿಲ್ಲೆಗೂ ಆಗುವ ಸ್ಥಾನಪಲ್ಲಟ. ಖಾಲಿ ಮನೆ ಹೊರಟ ಮೂಲೆಗೆ ಮರಳಬೇಕಾದರೆ ಮೇಲೆ ಹೋದಷ್ಟೇ ಕೆಳಗೆ, ಎಡಕ್ಕೆ ಹೋದಷ್ಟೇ ಬಲಕ್ಕೆ ಬರಬೇಕು. ನಡೆಗಳ ಸಂಖ್ಯೆ ಸಮವೇ ಆಗುತ್ತದೆ. ಎರಡು ಬಿಲ್ಲೆಗಳನ್ನಷ್ಟೇ ಅದಲುಬದಲು ಮಾಡಲು ಬೇಕಾದದ್ದು ಬೆಸಸಂಖ್ಯೆಯ ಪಲ್ಲಟ.

ಉತ್ತರವಿಲ್ಲವೆಂದು ಬಲ್ಲವನು ಆ ಪ್ರಶ್ನೆಯನ್ನು ಕೇಳುವುದು ಮೋಸವೇ? ವಿನೋದದಿಂದ ಯಾರಿಗೇನು ನಷ್ಟ, ಬುದ್ಧಿಗೆ ವ್ಯಾಯಾಮವಾದರೂ ಆಯಿತಲ್ಲ, ಎನ್ನಬಹುದು. ನಾನೂ ಹಾಗೆಂದೇ ನಂಬಿದ್ದೆ. ತರಗತಿಯಲ್ಲಿ ಸದಾ ಮಾತಾಡುತ್ತಿದ್ದ ಒಬ್ಬ ಹುಡುಗನಿಗೆ, ಬಿಲ್ಲೆಗಳನ್ನು ಕಿತ್ತು 14, 15ನ್ನು ಅದಲಿಸಿ, ಚೌಕಟ್ಟನ್ನು ಕೊಟ್ಟೆ. ಎಂಟು ದಿನ ಅವನು ಸುಮ್ಮನಿದ್ದ. ನನಗೆ ಅದೇ ಬೇಕಾಗಿತ್ತು. ಒಂಬತ್ತನೆಯ ದಿನ ಮೇಜಿನ ಮೇಲಿಟ್ಟು, “ನನ್ನ ತಲಿಗೆ ಹತ್ತಲಿಲ್ರೀ ಗುರುಗಳೇ” ಎಂದ. ನಾನು ನಕ್ಕು ನಿಜ ಹೇಳಿದೆ. ತರಗತಿಯೆಲ್ಲ ನಕ್ಕಿತು. ಅವನು ನಗಲಿಲ್ಲ. “ಹಂಗಾದ್ರ ಮೊದಲ ದಿನಾನೇ ನಿಮಗ ಗೊತ್ತಿತ್ತೇನ್ರೀ?” ಎಂದು ಕೇಳಿದ.

ಎಂಟು ದಿನ ಆ ಹುಡುಗ ತನ್ನನ್ನು ದಡ್ಡನೆಂದು ಭಾವಿಸಿದ್ದ. ಹಾಗೆ ಭಾವಿಸಲು ಆಧಾರವೆಂದರೆ ಗುರುವಿನ ಮೇಲಿನ ವಿಶ್ವಾಸ ಒಂದೇ. ಲಾಯ್ಡನ ಗಿರಾಕಿಗಳು ಕಳೆದುಕೊಂಡದ್ದು ಕೇವಲ ಹೊತ್ತು ಎಂದು ಈಗ ನನಗೆ ಅನ್ನಿಸುವುದಿಲ್ಲ.

ಹಾಗೆಂದು ಅಸಾಧ್ಯವಾದುದನ್ನು ಮಕ್ಕಳ ಮುಂದಿಡಲೇಬಾರದೆಂದು ನಾನು ಹೇಳಲಾರೆ. ಆಗದು ಎಂದು ಅರಿಯುವುದೂ ಅರಿವೇ, ಪ್ರಾಯಶಃ ಹೆಚ್ಚು ಕಷ್ಟದ ಅರಿವು. ಮುಂದಿನ ವರ್ಷಗಳಲ್ಲಿಯೂ ಅದೇ ಚೌಕಟ್ಟನ್ನು ತರಗತಿಗೆ ಒಯ್ದೆ. “ಸರಿಪಡಿಸಿರಿ” ಎನ್ನುವ ಬದಲು “ಇದು ಆಗುತ್ತದೆಯೋ ಇಲ್ಲವೋ, ನೋಡಿ ಹೇಳಿರಿ” ಎಂದೆ. ಎರಡೇ ದಿನಗಳಲ್ಲಿ ಕೆಲವರು “ಆಗೂದಿಲ್ರೀ” ಎನ್ನುತ್ತಿದ್ದರು. ಏಕೆ ಎಂದು ಕೇಳಿದರೆ ಮತ್ತೆ ಚೌಕಟ್ಟನ್ನು ಮನೆಗೆ ಒಯ್ಯುತ್ತಿದ್ದರು.