"ಗೊತ್ತಿರಲಿಲ್ಲ" ಎಂಬ ಮಾತು



ಬೇಸಿಗೆಯಲ್ಲಿ ಹಂಪಿಗೆ ಪ್ರವಾಸಿಗರು ಕಡಿಮೆಯಾದಾಗ ಕಮಲಾಪುರದಲ್ಲಿ ಬಾಡಿಗೆ ವ್ಯಾನುಗಳು ಬಿಸಿಲಿಗೆ ಸುಮ್ಮನೆ ನಿಂತಿರುವುದನ್ನು ನೀವು ನೋಡಿರಬಹುದು. ಓಡದ ಟೈರು ಸವೆಯುವುದಿಲ್ಲ, ನಿಜ. ಆದರೆ ಬಿಸಿಲಿಗೂ ವಯಸ್ಸಿಗೂ ರಬ್ಬರು ಒಣಗಿ ಬಿರಿಯುತ್ತದೆ. ಗುಂಡಿಗೆ ಬಿದ್ದ ಪೆಟ್ಟಿಗೆ ಒಳಗಿನ ನೂಲಿನ ಪದರ ಹರಿದಿದ್ದರೆ ಹೊರಗೆ ಕಾಣುವುದು ಟೈರಿನ ಪಕ್ಕದಲ್ಲಿ ಒಂದು ಸಣ್ಣ ಉಬ್ಬು. ಕೆಲವೊಮ್ಮೆ ಅದೂ ಇಲ್ಲ. ಹಿಂದೆ ಜೋಡಿ ಚಕ್ರವಿದ್ದರೆ ಒಳಗಿನ ಟೈರನ್ನು ಮಂಡಿಯೂರಿ, ಟಾರ್ಚು ಹಿಡಿದೇ ನೋಡಬೇಕು. ಮಂಡಿಯೂರುವುದು ನಮಗೇನೂ ಹೊಸತಲ್ಲವಲ್ಲ!

ಹೀಗೆ ನೋಡದೆ ಹೊರಟ ವ್ಯಾನಿನ ಟೈರು ದಾರಿಯಲ್ಲಿ ಸಿಡಿದರೆ, "ಗೊತ್ತಿರಲಿಲ್ಲ" ಎಂದವನು ನಿರ್ದೋಷಿಯೇ?

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರ ಪ್ರಬಂಧವೊಂದರಲ್ಲಿ ಹಡಗಿನ ಒಡೆಯನೊಬ್ಬನ ಕಥೆ ಹೇಳಿದ್ದಾನೆ. ಹಡಗು ಹಳತು, ದುರಸ್ತಿ ಬೇಕೆಂಬ ಅನುಮಾನ ಒಡೆಯನಿಗಿತ್ತು. ಖರ್ಚು ನೆನೆದು, 'ಎಷ್ಟೋ ಬಿರುಗಾಳಿ ದಾಟಿದೆ, ದೇವರು ಕಾಯುತ್ತಾನೆ' ಎಂದು ತನ್ನನ್ನೇ ನಂಬಿಸಿಕೊಂಡು, ವಲಸೆ ಹೊರಟ ಕುಟುಂಬಗಳನ್ನು ಹತ್ತಿಸಿ ಕಳಿಸಿದ. ಹಡಗು ಮುಳುಗಿತು, ಅವನಿಗೆ ವಿಮೆಯ ಹಣ ಸಿಕ್ಕಿತು. ನಂಬಿಕೆ ಪ್ರಾಮಾಣಿಕವಾಗಿದ್ದರೂ ಅವನು ತಪ್ಪಿತಸ್ಥ, ಹಡಗು ಕ್ಷೇಮವಾಗಿ ದಡ ಸೇರಿದ್ದರೂ ತಪ್ಪಿತಸ್ಥನೇ ಎನ್ನುತ್ತಾನೆ ಕ್ಲಿಫರ್ಡ್. ಆತ ಧರ್ಮಕ್ಕೆ ಸ್ನೇಹಿತನೇನಲ್ಲ. ಆದರೂ ದೇವರ ಹೆಸರಿನಲ್ಲಿ ದುರಸ್ತಿ ತಪ್ಪಿಸುವವರನ್ನು ಅವನು ಸರಿಯಾಗಿಯೇ ಹಿಡಿದಿದ್ದಾನೆ.

ನೋಡಿದರೂ ಕಾಣದ ದೋಷಕ್ಕೆ ಯಾರನ್ನೂ ದೂರಲಾಗದು. ಆದರೆ "ಅಣ್ಣಾ, ಹಿಂದಿನ ಟೈರು ಯಾಕೋ ಸರಿಯಿಲ್ಲ" ಎಂದ ಡ್ರೈವರಿಗೆ, "ಈ ಟ್ರಿಪ್ಪು ಮುಗಿಸ್ಕೊಂಡು ಬಾ, ಆಮೇಲೆ ನೋಡೋಣ" ಎಂದ ಮಾಲೀಕನಿಗೆ ಆ ಮಾತು ಒಪ್ಪುವುದಿಲ್ಲ. ಇನ್ನು ನಾವು? ಮದುವೆಗೋ ಜಾತ್ರೆಗೋ ಬಾಡಿಗೆ ಗೊತ್ತುಮಾಡುವಾಗ ಐನೂರು ರೂಪಾಯಿ ಇಳಿಸಿ ಗೆದ್ದೆವೆಂದುಕೊಳ್ಳುತ್ತೇವೆ. ಹದಿನೈದು ಸೀಟಿಗೆ ಇಪ್ಪತ್ತು ಜನ ಹತ್ತುತ್ತೇವೆ. ಭಾರ ಹೆಚ್ಚಿ ಗಾಳಿ ಕಡಿಮೆಯಾದ ಟೈರು ಮಡಚಿ ಮಡಚಿ ಒಳಗೇ ಕಾಯುತ್ತದೆಂಬುದು ನಮಗೆ ಬೇಡದ ಸಂಗತಿ.

ಮುಂದಿನ ಸಲ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ. ಟೈರಿನ ಪಕ್ಕದಲ್ಲಿ ಕೈಯಾಡಿಸಿ. ಅಲ್ಲಿ ಅಚ್ಚಾದ ನಾಲ್ಕು ಅಂಕಿ ಹುಡುಕಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಒಳ್ಳೆಯ ಡ್ರೈವರು ಇದಕ್ಕೆ ಬೇಸರಪಡುವುದಿಲ್ಲ. ಟಾರ್ಚು ಅವನೇ ತಂದುಕೊಡುತ್ತಾನೆ.